ಕೆಂಪಣ್ಣನಿಗೆ ವಾರಕ್ಕೆ ಐದು ಲೀಟರ್

ನಮ್ಮನೆಗೆ ಬಂದ ಮೊದಲ ಫೈಟರ್ ಮೀನು ಮೂರೇ ತಿಂಗಳಲ್ಲಿ ಸತ್ತುಹೋಯಿತು. ಕೊಂದಿದ್ದು ನನ್ನ ಮಡಿ. ಎರಡು ದಿನಕ್ಕೊಮ್ಮೆ ಗಾಜಿನ ಬಟ್ಟಲು ಖಾಲಿ ಮಾಡಿ, ಕಲ್ಲುಗಳನ್ನೆಲ್ಲ ಉಜ್ಜಿ ತೊಳೆದು, ನಲ್ಲಿ ನೀರು ತುಂಬಿಸಿ ಮೀನನ್ನು ವಾಪಸ್ ಬಿಡುತ್ತಿದ್ದೆ. ಪಾಪ, ಅದಕ್ಕೆ ಪ್ರತಿ ಸಲವೂ ತಣ್ಣೀರಿನ ಶಾಕ್, ಜೊತೆಗೆ ಕ್ಲೋರಿನ್. ರೆಕ್ಕೆಯ ಅಂಚು ಕಪ್ಪಾಗಿ ಹರಿಯತೊಡಗಿದಾಗ ಯಾರೋ ಹೇಳಿದರು ಅಂತ ನೀಲಿ ಔಷಧಿ ಹನಿಸಿದೆ. ನೀರು ನೀಲಿಯಾಯಿತು, ಮೀನು ಉಳಿಯಲಿಲ್ಲ.

"ಗದ್ದೆ ನೀರಲ್ಲಿ ಬದುಕೋ ಜಾತಿ ಸರ್, ಬಾಟ್ಲಿಯಲ್ಲೂ ಇರುತ್ತೆ" ಅಂತ ಹೇಳಿ ಮಾರಿದ್ದರು. ಅರ್ಧ ನಿಜ. ಇದರ ತವರು ಥಾಯ್ಲೆಂಡ್. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಮಾಡಿಕೊಂಡಿದೆ. ಅಲ್ಲಿನ ಗದ್ದೆ, ಜೌಗುಗಳಲ್ಲಿ ನೀರಿಗೆ ಆಳ ಕಡಿಮೆ, ಆದರೆ ಅಗಲ ಇದೆ, ಗಿಡ ಇದೆ, ಮುಖ್ಯವಾಗಿ ಬಿಸಿ ಇದೆ. ಬೆಟ್ಟಾ (ಫೈಟರ್ ಮೀನಿನ ಇನ್ನೊಂದು ಹೆಸರು) ನೀರಿನ ಮೇಲೆ ಬಂದು ನೇರವಾಗಿ ಗಾಳಿ ಎಳೆದುಕೊಳ್ಳಬಲ್ಲದು. ಅದಕ್ಕೇ ಬಾಟ್ಲಿಯಲ್ಲಿ ಉಸಿರುಕಟ್ಟಿ ಸಾಯುವುದಿಲ್ಲ. ತಾನೇ ಬಿಟ್ಟ ಗಲೀಜಿನಿಂದ ಹುಟ್ಟುವ ಅಮೋನಿಯಾದಲ್ಲಿ ನಿಧಾನಕ್ಕೆ ಸಾಯುತ್ತದೆ.

ಎರಡನೇ ಸಲ ಮೀನಿಗಿಂತ ಮೊದಲು ನೀರು ತಯಾರಿಸಿದೆ. 20 ಲೀಟರಿನ ಟ್ಯಾಂಕ್, ಸ್ಪಂಜ್ ಫಿಲ್ಟರ್, 25 ವ್ಯಾಟಿನ ಹೀಟರ್, ಒಂದು ಥರ್ಮಾಮೀಟರ್, ಮೇಲೊಂದು ಮುಚ್ಚಳ (ಇವು ಹಾರುತ್ತವೆ, ಮರೆಯಬೇಡಿ). ಐದು ವಾರ ಖಾಲಿ ಟ್ಯಾಂಕಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಿದೆ. "ಅಪ್ಪಾ, ಮೀನೇ ಇಲ್ವಲ್ಲ, ಊಟ ಯಾರಿಗೆ?" ಅಂತ ಮಗಳು ನಕ್ಕಳು. ಊಟ ಬ್ಯಾಕ್ಟೀರಿಯಾಗೆ. ಆ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನಿಧಾನವಾಗಿ ಬೆಳೆದು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹಾಲಿಗೆ ಹೆಪ್ಪು ಹಾಕಿ ಕಾಯುವುದಿಲ್ಲವೇ, ಹಾಗೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಕೆಂಪಣ್ಣ ಬಂದ. ಹೆಸರಿಟ್ಟಿದ್ದು ಮಗಳು.

ಈಗ ಪೂರ್ತಿ ನೀರು ಬದಲಿಸುವ ಮಾತೇ ಇಲ್ಲ. ಭಾನುವಾರ ಐದು ಲೀಟರ್ ತೆಗೆದು ಐದು ಲೀಟರ್ ಹಾಕುತ್ತೇನೆ, ಅಷ್ಟೇ. ಕಾವೇರಿ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟು, ಆಂಟಿ ಕ್ಲೋರಿನ್ ಹನಿ ಹಾಕಿ, ಟ್ಯಾಂಕಿನಷ್ಟೇ ಬೆಚ್ಚಗೆ ಮಾಡಿ ಸುರಿಯುತ್ತೇನೆ. ಸ್ಪಂಜನ್ನು ಹಿಂಡುವುದು ಹೊರಗೆ ತೆಗೆದ ಹಳೇ ನೀರಿನಲ್ಲೇ. ನಲ್ಲಿ ಕೆಳಗೆ ತೊಳೆದರೆ ಹೆಪ್ಪನ್ನೇ ಮೋರಿಗೆ ಚೆಲ್ಲಿದ ಹಾಗೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದಾಗ ಇನ್ನೂ ಹುಷಾರು. ಆ ಗಡಸು ನೀರನ್ನು ಎರಡೆರಡು ಲೀಟರಿನಂತೆ ಮೂರು ದಿನ ಹಾಕುತ್ತೇನೆ.

ಇಷ್ಟಾದರೂ ಮೊದಲ ಡಿಸೆಂಬರಿನಲ್ಲಿ ಎಡವಟ್ಟಾಯಿತು. ಕೆಂಪಣ್ಣ ರೆಕ್ಕೆ ಮುದುಡಿಕೊಂಡು ತಳದಲ್ಲಿ ಕೂತ. ಊಟ ಮುಟ್ಟಲಿಲ್ಲ. ಬಾಲದ ತುದಿ ಕಪ್ಪಾಗಿ ಹರಿದಿತ್ತು, ಅದೇ ಹಳೇ ರೋಗ. ಥರ್ಮಾಮೀಟರ್ ನೋಡಿದರೆ 20 ಡಿಗ್ರಿ! ಅಮ್ಮ ರಾತ್ರಿ ಮಲಗುವಾಗ ಹೀಟರ್ ಸ್ವಿಚ್ ಆರಿಸುತ್ತಿದ್ದರು. "ಮೀನಿಗೆಂಥಾ ಗೀಸರೋ, ಕರೆಂಟ್ ಬಿಲ್ ನೋಡಿದ್ದೀಯಾ?" ಇಡೀ ದಿನ ಉರಿದರೂ ಮುಕ್ಕಾಲು ಯೂನಿಟ್ ಆಗಲ್ಲಮ್ಮ ಅಂತ ಲೆಕ್ಕ ಹಾಕಿ ತೋರಿಸಿದ ಮೇಲೆ ಸ್ವಿಚ್ಚಿಗೆ ಟೇಪ್ ಅಂಟಿಸಲು ಒಪ್ಪಿದರು.

ಈ ಸಲ ಔಷಧಿಗೆ ಓಡಲಿಲ್ಲ. ಬಿಸಿಯನ್ನು ಒಂದೇ ಏಟಿಗೆ ಏರಿಸದೆ, ಎರಡು ದಿನದಲ್ಲಿ 27ಕ್ಕೆ ತಂದೆ. ಹತ್ತು ದಿನ ದಿನಾ ನಾಲ್ಕು ಲೀಟರ್ ಬದಲಿಸಿದೆ. ನಮ್ಮ ಬೀದಿಯ ಬಾದಾಮಿ ಮರದಿಂದ ತಾನಾಗಿ ಉದುರಿದ ಒಣ ಎಲೆ ಆರಿಸಿ, ತೊಳೆದು, ಬಿಸಿನೀರಿನಲ್ಲಿ ಅದ್ದಿ ಒಂದನ್ನು ಒಳಗೆ ಬಿಟ್ಟೆ. ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರುವುದೂ ಇದೇ ಎಲೆ. ನೀರು ತಿಳಿ ಚಹಾ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಎಲೆಯೇ ರೋಗ ವಾಸಿ ಮಾಡಿತು ಅಂತ ನಾನು ಹೇಳಲಾರೆ. ಶುದ್ಧ ನೀರು, ಬಿಸಿ, ಇವೆರಡರದ್ದೇ ಜಾಸ್ತಿ ಪಾಲು ಅಂತ ನನ್ನ ಲೆಕ್ಕ. ಮೂರನೇ ವಾರ ಹರಿದ ಅಂಚಿನಲ್ಲಿ ತೆಳ್ಳಗೆ, ಗಾಜಿನ ಹಾಗೆ ಪಾರದರ್ಶಕ ಪೊರೆ ಕಾಣಿಸಿತು. ಹೊಸ ರೆಕ್ಕೆ. ಬಣ್ಣ ಆಮೇಲೆ ಬಂತು.

ಊಟದ ವಿಷಯದಲ್ಲಿ ನಾನು ಜಿಪುಣ. ಬೆಳಿಗ್ಗೆ ಮೂರು ಕಾಳು, ಸಂಜೆ ಮೂರು ಕಾಳು. ಅದರ ಹೊಟ್ಟೆ ಹೆಚ್ಚುಕಡಿಮೆ ಕಣ್ಣಿನಷ್ಟೇ ಇರುತ್ತದೆ, ಆದರೆ ನಮ್ಮನ್ನು ನೋಡಿದಾಗಲೆಲ್ಲ ಹಸಿದವನ ಹಾಗೆ ಕುಣಿಯುತ್ತಾನೆ. ಶನಿವಾರ ಪೂರ್ತಿ ಉಪವಾಸ. ಇದೊಂದು ನಿಯಮ ಮಾತ್ರ ಅಮ್ಮನಿಗೆ ಬಹಳ ಹಿಡಿಸಿದೆ, ಅವರದ್ದೂ ಅವತ್ತೇ ಒಪ್ಪತ್ತು. ತಾರಸಿಯ ಡ್ರಮ್ಮಿನಿಂದ ಸೊಳ್ಳೆ ಮರಿ ಹಿಡಿದು ಹಾಕುತ್ತಿದ್ದೆ, ಮುಗಿಬಿದ್ದು ತಿನ್ನುತ್ತಿದ್ದ. ಡೆಂಗಿ ಸರ್ವೆಗೆ ಬಂದವರು ಡ್ರಮ್ ನೋಡಿ ಚೆನ್ನಾಗಿ ಬೈದರು. ಬೈದಿದ್ದು ಸರಿ ಇತ್ತು. ಆ ಊಟ ಅಲ್ಲಿಗೇ ನಿಂತಿತು.

"ಒಬ್ಬನೇ ಇದ್ದಾನಲ್ಲೋ, ಜೊತೆಗೊಂದು ತಂದು ಬಿಡೋ" ಅಂತ ಅಮ್ಮ ಈಗಲೂ ಹೇಳುತ್ತಾರೆ. ಇನ್ನೊಂದು ಗಂಡು ತಂದರೆ ಒಂದು ಸಾಯುವವರೆಗೂ ಕಚ್ಚಾಡುತ್ತವೆ. ಹೆಣ್ಣನ್ನು ಸುಮ್ನೆ ಜೊತೆಗೆ ಬಿಟ್ಟರೂ ಅಟ್ಟಾಡಿಸಿ ಗಾಯ ಮಾಡುತ್ತಾನೆ.

ಕೆಂಪಣ್ಣನಿಗೆ ಈಗ ಮೂರು ವರ್ಷ ದಾಟಿದೆ. ಬೆಟ್ಟಾಗಳಿಗೆ ಇದು ಮುದಿತನ. ಬೆನ್ನಿನ ಕೆಂಪು ಮಾಸಿದೆ, ಗಾಳಿಗೆ ಮೇಲೆ ಬರುವಾಗ ಮಧ್ಯದಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾನೆ. ಅದಕ್ಕೇ ಹೋದ ತಿಂಗಳು ನೀರಿನ ಮಟ್ಟವನ್ನು ಒಂದು ಗೇಣಿಗಿಂತ ಕೆಳಗೆ ಇಳಿಸಿದೆ, ಹೀಟರ್ ಪೂರ್ತಿ ಮುಳುಗಿರುವ ಹಾಗೆ ಅಡ್ಡ ಮಲಗಿಸಿದೆ, ಫಿಲ್ಟರಿನ ಗಾಳಿ ಕಡಿಮೆ ಮಾಡಿದೆ. ಮೇಲ್ಭಾಗದಲ್ಲಿ ಅಗಲ ಎಲೆಯ ಗಿಡವೊಂದನ್ನು ದಾರದಿಂದ ಕಟ್ಟಿದ್ದೇನೆ. ಮಧ್ಯಾಹ್ನವೆಲ್ಲ ಅದರ ಮೇಲೇ ಒರಗಿರುತ್ತಾನೆ. ಮೂರು ಕಾಳಿನಲ್ಲಿ ಒಂದು ಉಳಿಸುತ್ತಾನೆ. ಅದನ್ನು ಚಮಚದಲ್ಲಿ ತೆಗೆಯುವ ಕೆಲಸ ಅಮ್ಮನದ್ದು.