ಎರಡು ಗಂಟೆ ಕಳೆದರೆ ಸುದ್ದಿ ಹಳತು: ಸ್ವರ್ಣಾ ದಡದ ನೆರೆಯಲ್ಲಿ ನಮ್ಮ ಅನುಭವ

ಉಡುಪಿಯ ಸ್ವರ್ಣಾ ಹೊಳೆಯ ದಡದಲ್ಲಿ ನೆರೆ ಬಂದಾಗ ಸಹಾಯದ ಕರೆಗಳನ್ನು ಫೋನಿನಲ್ಲಿ ಕೇಳಿ, ಖಚಿತ ಮಾಡಿಕೊಂಡು ದೋಣಿಯವರಿಗೆ ತಲುಪಿಸುವ ಗುಂಪು ನಮ್ಮದು. ಕಳೆದ ಮಳೆಗಾಲದ ನೆರೆಯಲ್ಲಿ ಒಂದೇ ರಾತ್ರಿ ನಮಗೆ 110-120 ಕರೆ ಬಂತು. ದೋಣಿ ಒಮ್ಮೆಯೂ ಸುಮ್ನೆ ಹೋಗಿ ಬರಲಿಲ್ಲ. "ಮೊಬೈಲ್ ಹಿಡ್ಕೊಂಡು ಮನೆಯಲ್ಲಿ ಕೂತವರಿಂದ ಎಂತ ಆಗ್ತದೆ ಮಾರಾಯ್ರೆ?" ಎಂದು ವರ್ಷಗಟ್ಟಲೆ ಕೇಳಿದವರೇ ಈಗ ತಮ್ಮ ವಾರ್ಡಿಗೂ ಮಾಡಿಕೊಡಿ ಎನ್ನುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು 2020ರ ಸೆಪ್ಟೆಂಬರ್ 20ರಂದು. ಭಾನುವಾರ. ಬೆಳಗಾಗುವಾಗ ಕಲ್ಸಂಕ, ಬಡಗುಪೇಟೆ, ಮಠದಬೆಟ್ಟು ಎಲ್ಲ ನೀರಲ್ಲಿತ್ತು. ಆಗ ವಾಟ್ಸಾಪ್ ಗುಂಪಿಗೆ 256 ಜನರ ಮಿತಿ. ನಮ್ಮ ಗುಂಪು ಎಂಟು ಗಂಟೆಗೇ ತುಂಬಿತು. ನಿಟ್ಟೂರಿನ ಒಬ್ಬರು ವಯಸ್ಸಾದ ಅಮ್ಮ ಮನೆಯಲ್ಲಿ ಸಿಕ್ಕಿಬಿದ್ದಿದ್ದಾರೆ ಎಂಬ ಮೆಸೇಜ್ ಬಂತು. ಅವರನ್ನು ಒಂಬತ್ತಕ್ಕೇ ಹೊರಗೆ ಕರೆತಂದಾಗಿತ್ತು. ಆದರೆ ಮೆಸೇಜ್ ಮಂಗಳವಾರದವರೆಗೂ ತಿರುಗಿತು. ಅವರ ಮಗಳಿಗೆ ಫೋನಿನ ಮೇಲೆ ಫೋನ್. ಎರಡು ಸಲ ದೋಣಿಯೂ ಹೋಗಿ ಬಂತು. ಮೆಸೇಜಿನಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ, ಹಳತಾಗಿತ್ತು ಅಷ್ಟೆ.

ಮುಂದಿನ ವರ್ಷ ಗೂಗಲ್ ಫಾರ್ಮ್ ಮಾಡಿದೆವು. 2018ರಲ್ಲಿ ಕೇರಳದವರು ಕೇರಳರೆಸ್ಕ್ಯೂ ತಾಣದಲ್ಲಿ ನೆರವಿನ ಕರೆಗಳನ್ನು ಒಟ್ಟು ಮಾಡಿದ್ದನ್ನು ನೋಡಿದ್ದೆವಲ್ವಾ, ಅದೇ ಹುಮ್ಮಸ್ಸು. 22 ಪ್ರಶ್ನೆ ಹಾಕಿದ್ದೆ. ಇಡೀ ಮಳೆಗಾಲಕ್ಕೆ ತುಂಬಿದವರು ಒಂಬತ್ತು ಜನ, ಅದರಲ್ಲಿ ನಾಲ್ಕು ನಮ್ಮದೇ ಟೆಸ್ಟಿಂಗ್. ಸೊಂಟದವರೆಗೆ ನೀರು ಬಂದವರು ಪಿನ್‌ಕೋಡ್ ಟೈಪ್ ಮಾಡುವುದಿಲ್ಲ. ಆಮೇಲೆ ಬಲ್ಕ್ ಎಸ್ಸೆಮ್ಮೆಸ್ ಎಂದು ಒಬ್ಬ ಏಜೆಂಟರಿಗೆ ಆರು ಸಾವಿರ ಕೊಟ್ಟೆವು. ಡಿಎಲ್‌ಟಿ ನೋಂದಣಿ (ಬಲ್ಕ್ ಮೆಸೇಜ್ ಕಳಿಸುವವರು ಟೆಲಿಕಾಂ ಕಂಪನಿಗಳಲ್ಲಿ ಮಾಡಿಸಬೇಕಾದದ್ದು), ಟೆಂಪ್ಲೇಟ್ ಒಪ್ಪಿಗೆ ಇಲ್ಲದೆ ಒಂದು ಮೆಸೇಜೂ ಹೋಗುವುದಿಲ್ಲ ಎಂದು ಗೊತ್ತಾದದ್ದು ದುಡ್ಡು ಕೊಟ್ಟ ಮೇಲೆ. ಅದು ವಾಪಸ್ ಬರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ವಿಳಾಸದ್ದು. ಒಂದು ರಾತ್ರಿ ಎರಡು ಗಂಟೆಗೆ ಕರೆ: "ಬಬ್ಬುಸ್ವಾಮಿ ದೈವಸ್ಥಾನದ ಹಿಂದೆ, ನೀರು ಜಗಲಿಗೆ ಬಂತು." ದೋಣಿಯ ಅಣ್ಣ ನಮ್ಮ ಮಾತು ನಂಬಿ ಹೊರಟರು. ಹೋದದ್ದು ಬೇರೆ ಬಬ್ಬುಸ್ವಾಮಿ ದೈವಸ್ಥಾನಕ್ಕೆ. ನಲವತ್ತು ನಿಮಿಷ ಹಾಳು. ಮನೆಯವರು ಅಷ್ಟೊತ್ತಿಗೆ ಅಟ್ಟ ಹತ್ತಿದ್ದರು, ಮಗುವನ್ನು ತೊಟ್ಟಿಲ ಸಮೇತ ಎತ್ತಿಟ್ಟಿದ್ದರು. ಅಣ್ಣ ದಡಕ್ಕೆ ಬಂದು ನನಗೆ ಹೇಳಿದ್ದು ಒಂದೇ ಮಾತು: "ಇನ್ನು ಸರಿ ಗೊತ್ತಿದ್ರೆ ಮಾತ್ರ ಫೋನ್ ಮಾಡಿ." ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅದರ ಮುಂದಿನ ಜನವರಿಯಿಂದ ಮೇವರೆಗೆ ಪ್ರತಿ ಭಾನುವಾರ ಸ್ಕೂಟರಲ್ಲಿ ತಿರುಗಿದೆವು. ದೈವಸ್ಥಾನ, ಅಶ್ವತ್ಥಕಟ್ಟೆ, ಭಜನಾಮಂದಿರ, ಗೂಡಂಗಡಿ, ತೋಡಿನ ಮೋರಿ, ಎಲ್ಲದರ ಲೊಕೇಶನ್ ಸೇವ್ ಮಾಡಿದೆವು. ಊರವರು ಹೇಳುವ ಹೆಸರಲ್ಲೇ. ಕಲ್ಯಾಣಪುರ, ಕೆಮ್ಮಣ್ಣು, ತಿಮ್ಮಣ್ಣಕುದ್ರು, ನಿಟ್ಟೂರು ಸೇರಿ ಸುಮಾರು 340 ಗುರುತು. ಇಂಥ ಪಟ್ಟಿ ಬೇರೆ ಯಾರ ಹತ್ತಿರವೂ ನಾನು ನೋಡಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗ ನಡೆಯುವುದು ಹೀಗೆ. ಫಾರ್ಮ್ ಇಲ್ಲ, ಎರಡು ನಂಬರ್ ಮಾತ್ರ. ಕರೆ ಬಂದರೆ ನಮ್ಮವರು ಕೇಳಿ ಶೀಟಿಗೆ ಹಾಕುತ್ತಾರೆ. ಇನ್ನೊಬ್ಬರು ಅದೇ ನಂಬರಿಗೆ ತಿರುಗಿ ಫೋನ್ ಮಾಡುತ್ತಾರೆ. ಇಬ್ಬರ ಬರಹ ಹೊಂದಿದರೆ ಮಾತ್ರ ಸಾಲು ಹಸಿರು. ಹಸಿರಾದದ್ದೇ ದೋಣಿಯವರಿಗೆ, ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೆ ಹೋಗುವುದು. ಎರಡು ಗಂಟೆಯೊಳಗೆ ಮತ್ತೆ ಮಾತಾಡದಿದ್ದರೆ ಸಾಲು ತಾನಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಬೂದು ಸಾಲನ್ನು ಯಾರೂ ಫಾರ್ವರ್ಡ್ ಮಾಡುವ ಹಾಗಿಲ್ಲ, ಅದಕ್ಕೆ ಮೊದಲು ಫೋನ್ ಹೋಗಬೇಕು. ಮಾಡಿದ ಇಬ್ಬರನ್ನು ಗುಂಪಿನಿಂದ ತೆಗೆದಿದ್ದೇನೆ, ಒಬ್ಬರು ನನ್ನ ಭಾವ. ಶೀಟನ್ನು ಯಾರಿಗೂ ತೆರೆದು ಕೊಡುವುದಿಲ್ಲ, ಅದರಲ್ಲಿ ಜನರ ನಂಬರ್ ಉಂಟು. ಕರೆ ನಿಜವೋ ಅಲ್ಲವೋ ಎಂದು ತಿಳಿಯಲು ನಾವೊಂದು ಪ್ರಶ್ನೆ ಕೇಳುತ್ತೇವೆ. ಅದನ್ನು ಬರೆಯುವುದಿಲ್ಲ. ಬರೆದರೆ ಅದು ಕೆಲಸಕ್ಕೆ ಬಾರದು.

ನಡುವೆ ಇನ್ನೊಂದು ಪ್ರಯೋಗ. ಒಂದು ಪಿವಿಸಿ ಪೈಪಿಗೆ ಅಡಿಗೊಂದು ಕೆಂಪು ಪಟ್ಟಿ ಬಳಿದು ಹೊಳೆಯ ದಡದಲ್ಲಿ ನೆಟ್ಟೆವು. ಪಕ್ಕದ ಮನೆಯ ಹುಡುಗಿ ಬೆಳಿಗ್ಗೆ, ಸಂಜೆ ಫೋಟೋ ಕಳಿಸುತ್ತಾಳೆ. ಅದನ್ನು ಭರತ-ಇಳಿತದ ಪಟ್ಟಿಯ ಜೊತೆ ಇಟ್ಟು ನೋಡಿದೆ. ಕಾರ್ಕಳದ ಕಡೆ ಜೋರು ಮಳೆ ಬಂದು, ಆ ನೀರು ಇಳಿದು ಬರುವ ಹೊತ್ತಿಗೇ ಇಲ್ಲಿ ಭರತವಿದ್ದರೆ ಕುದ್ರುಗಳಿಗೆ, ಅಂದರೆ ಹೊಳೆಯ ನಡುಗಡ್ಡೆಗಳಿಗೆ, ಕಷ್ಟ. ಕಡಲು ನೀರನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಕುದ್ರಿನ ಅಜ್ಜಂದಿರಿಗೆ ಇದು ಮೊದಲೇ ಗೊತ್ತಿತ್ತು. ನಮಗೆ ಸಿಕ್ಕಿದ್ದು ಲೆಕ್ಕ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಜಾಸ್ತಿ ಮಳೆಯ ಮುನ್ಸೂಚನೆ, ಅದು ಇಡೀ ಜಿಲ್ಲೆಗೆ. ನಮ್ಮ ಪೈಪ್ ಹೇಳುವುದು ಅದರ ಆಸುಪಾಸಿನ ಹದಿನೆಂಟು ಮನೆಗಳಿಗೆ. ಎರಡು ಸಲ ದನಗಳನ್ನು ಹೊತ್ತಿಗೆ ಮುಂಚೆ ದಾಟಿಸಿದೆವು.

ದುಡ್ಡಿನ ಲೆಕ್ಕ: ಎರಡು ಸಿಮ್ಮಿನ ರೀಚಾರ್ಜ್, ಪವರ್ ಬ್ಯಾಂಕ್, ಹಳೆ ಇನ್ವರ್ಟರ್ ಬ್ಯಾಟರಿ ಸೇರಿ ವರ್ಷಕ್ಕೆ ಹದಿನಾಲ್ಕು ಸಾವಿರದ ಆಸುಪಾಸು. ದೋಣಿಯ ಎಣ್ಣೆ ಬೇರೆ, ಒಂದು ರಾತ್ರಿಗೆ ಎರಡು ಸಾವಿರ ದಾಟಿದ್ದುಂಟು. ಅದನ್ನು ಮರುದಿನವೇ ಕೈಗೆ ಕೊಡುತ್ತೇವೆ. ಕರೆಂಟ್ ಹೋಗಿ ಟವರ್ ಸತ್ತರೆ ಮಾತ್ರ ಇನ್ನೂ ದಾರಿ ಕಂಡಿಲ್ಲ. ಈ ಸಲ ನಾಲ್ಕು ವಾಕಿಟಾಕಿ ಸಾಕೋ ಎಂದು ವಿಚಾರಿಸುತ್ತಿದ್ದೇವೆ, ಯಾವುದಕ್ಕೆ ಲೈಸೆನ್ಸ್ ಬೇಕು ಎಂಬುದನ್ನು ಮೊದಲೇ ಕೇಳಿಕೊಂಡು.

ಆ ದೋಣಿಯ ಅಣ್ಣ ಈಗ ರಾತ್ರಿ ಮಳೆ ಜೋರಾದರೆ ತಾವೇ ಫೋನ್ ಮಾಡುತ್ತಾರೆ. "ಹಸಿರು ಎಷ್ಟುಂಟು?"