ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಒಳಗೋಡೆ ಉಜ್ಜಿ

ಡೆಂಗಿ ಹರಡುವ ಈಡಿಸ್ ಈಜಿಪ್ಟಿ ನಮ್ಮ ನೆಲದ ಸೊಳ್ಳೆಯಲ್ಲ, ಆಫ್ರಿಕಾ ಮೂಲದ್ದು. ಅದರ ಬಂಧು, ಏಷ್ಯಾದ ಹುಲಿಸೊಳ್ಳೆ, ಹಳೇ ಟೈರುಗಳೊಳಗೆ ಕೂತು 1990ರಲ್ಲಿ ಇಟಲಿ ಸೇರಿತು. 2007ರಲ್ಲಿ ಕೇರಳದಿಂದ ಹೋದ ಪ್ರಯಾಣಿಕರೊಬ್ಬರ ರಕ್ತದಲ್ಲಿದ್ದ ಚಿಕೂನ್‌ಗುನ್ಯ ವೈರಸ್ಸನ್ನು ಅಲ್ಲಿನ ರವೆನ್ನಾ ಸೀಮೆಯ ಹಳ್ಳಿಗಳಲ್ಲಿ ಸುಮಾರು 200 ಜನರಿಗೆ ಹಂಚಿತು. ಇಷ್ಟು ದೂರ ಸಾಗಿದ್ದು ಮೊಟ್ಟೆಯ ಬಲದಿಂದ: ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತದೆ. ತಪ್ಪದೆ ನೀರು ಚೆಲ್ಲುವ ಮನೆಯಲ್ಲೂ ಹುಳ (ಸೊಳ್ಳೆಯ ಮರಿ) ಕಾಣುವುದು ಇದಕ್ಕೇ.

ಮೊಟ್ಟೆ ಇರುವುದು ನೀರಿನಲ್ಲಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲಿನ ಒದ್ದೆ ಗೋಡೆಯಲ್ಲಿ. ಕಾಳುಮೆಣಸಿನ ಪುಡಿ ಅಂಟಿದಂತೆ ಕಪ್ಪು ಚುಕ್ಕಿಗಳು. ಕಪ್ಪು ಡ್ರಮ್ಮಿನಲ್ಲಿ ಕಾಣುವುದೇ ಇಲ್ಲ. ಇವೆ ಎಂದುಕೊಂಡೇ ಉಜ್ಜಿ. ಪೂರ್ತಿ ಬರಿದು ಮಾಡಿ, ಗಟ್ಟಿ ಬ್ರಷ್ಷು ಅಥವಾ ತೆಂಗಿನ ನಾರಿನಿಂದ ಅಂಚಿನಿಂದ ತಳದವರೆಗೆ ತಿಕ್ಕಿ. ಬರೀ ಕೈಯಲ್ಲಿ ಸವರಿದರೆ ಮೊಟ್ಟೆ ಕದಲುವುದಿಲ್ಲ. ತೊಳೆದ ನೀರನ್ನು ಬಿಸಿಲು ಬೀಳುವ ಒಣ ಮಣ್ಣಿಗೆ ಸುರಿಯಿರಿ, ಚರಂಡಿಗಲ್ಲ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಹಾಗಾಗಿ ವಾರದ ಒಂದು ದಿನ ಗೊತ್ತುಮಾಡಿಕೊಳ್ಳಿ. ಆರೋಗ್ಯ ಇಲಾಖೆಯವರು ಇದನ್ನು ಡ್ರೈ ಡೇ ಅನ್ನುತ್ತಾರೆ, ಬಾರು ಮುಚ್ಚುವ ದಿನವಲ್ಲ.

ಆಮೇಲೆ ಹಳೇ ಪಂಚೆ ಹೊದಿಸಿ, ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಬಟ್ಟೆ ಜೋಲುಬಿದ್ದು ನೀರು ಮುಟ್ಟಿತೋ, ಆ ಒದ್ದೆ ಬಟ್ಟೆಯೇ ಮೊಟ್ಟೆಯಿಡುವ ಜಾಗವಾಗುತ್ತದೆ. ಖಾಲಿ ಮಾಡಲಾಗದ ಡ್ರಮ್ಮಿಗೆ ಹುಳ ಕೊಲ್ಲುವ ಮದ್ದು, ಶೇ. 1ರ ಟೆಮಿಫಾಸ್ ಮರಳುಕಾಳು, 100 ಲೀಟರಿಗೆ 10 ಗ್ರಾಂ ಲೆಕ್ಕ. ಆರೋಗ್ಯ ಕಾರ್ಯಕರ್ತರಿಂದಲೇ ಹಾಕಿಸಿ.

ಹುಳ ಹುಡುಕುವಾಗ ನೆರಳು ಬೀಳದಂತೆ ಬಗ್ಗಿ, ಟಾರ್ಚು ಬಿಡಿ. ನೆರಳು ಕಂಡರೆ ತಳಕ್ಕೆ ಇಳಿದುಬಿಡುತ್ತವೆ. ಒಂದೆರಡು ನಿಮಿಷ ಕಾದರೆ ಉಸಿರಿಗೆ ಮೇಲೆ ಬರುತ್ತವೆ. ತಲೆ ಕೆಳಗಾಗಿ ಓರೆಯಾಗಿ ತೂಗಿದರೆ ಈಡಿಸ್ ಅಥವಾ ಕ್ಯುಲೆಕ್ಸ್. ನೀರಿಗೆ ಸಮನಾಗಿ ಮಲಗಿದ್ದರೆ ಅನಾಫಿಲಿಸ್, ಮಲೇರಿಯಾದ್ದು. ಇವುಗಳಲ್ಲಿ ಸ್ಟೀಫೆನ್ಸಿ ಎಂಬುದು ನಮ್ಮ ಊರುಗಳ ಓವರ್‌ಹೆಡ್ ಟ್ಯಾಂಕಿನ ಹಳೇ ನಿವಾಸಿ, 2012ರಲ್ಲಿ ಜಿಬೂಟಿಯಲ್ಲಿ ಪತ್ತೆಯಾದ ಮೇಲೆ ಆಫ್ರಿಕಾದ ತಲೆನೋವು.

ಎಲ್ಲರೂ ಮರೆಯುವುದು ಫ್ರಿಜ್ಜಿನ ಹಿಂದಿನ ಟ್ರೇ. ಕರಾವಳಿ, ಮಲೆನಾಡಿನಲ್ಲಿ ತೋಟದಲ್ಲಿ ಬಿದ್ದ ಅಡಿಕೆ ಹಾಳೆ: ದೋಣಿಯಂತೆ ನೀರು ಹಿಡಿಯುತ್ತದೆ, ಮಗುಚಿ ಹಾಕಿ. ಟೈರನ್ನು ನಿಲ್ಲಿಸಿದರೂ ಮಲಗಿಸಿದರೂ ನೀರು ನಿಲ್ಲುತ್ತದೆ. ತೂತು ಕೊರೆಯಿರಿ, ಇಲ್ಲವೇ ಸೂರಿನಡಿ ಇಡಿ.

ಫಾಗಿಂಗ್ ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಡ್ರಮ್ಮಿನ ಮೊಟ್ಟೆಗೆ ಏನೂ ಆಗದು. ಮನೆಯಲ್ಲಿ ಡೆಂಗಿ ಜ್ವರ ಬಂದವರಿದ್ದರೆ ಜ್ವರ ಇರುವಷ್ಟು ದಿನ ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ. ಈಡಿಸ್ ಕಚ್ಚುವುದು ಹಗಲಿನಲ್ಲೇ.