ಸೂಟ್ ಬಟ್ಟೆ ಆರಿಸೋ ಮುನ್ನ ಮುಷ್ಟಿ ಪರೀಕ್ಷೆ ಮಾಡಿ

ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಹತ್ತು ಸೆಕೆಂಡ್ ಹಿಡಿದು ಬಿಡಿ. ಒಳ್ಳೆ ಉಣ್ಣೆಯಾದರೆ ಸುಕ್ಕು ನೋಡನೋಡುತ್ತಲೇ ಬಿಡುತ್ತದೆ, ಯಾಕಂದ್ರೆ ಉಣ್ಣೆಯ ಎಳೆಗೆ ಹುಟ್ಟಿನಿಂದಲೇ ಸ್ಪ್ರಿಂಗಿನಂಥ ಗುಂಗುರು ಇರುತ್ತದೆ, ನೂಲನ್ನು ಬಿಗಿಯಾಗಿ ಹುರಿ ಮಾಡಿದ್ದರೆ ಇನ್ನೂ ಬೇಗ. ಲೇಬಲ್ ಮೇಲಿನ ಸೂಪರ್ 150 ನೋಡಿ ಮರುಳಾಗಬೇಡಿ. ಆ ಸಂಖ್ಯೆ ಹೇಳೋದು ಎಳೆ ಎಷ್ಟು ಸಣ್ಣ ಅನ್ನೋದನ್ನು ಮಾತ್ರ: ಸೂಪರ್ 100 ಅಂದ್ರೆ ಸರಾಸರಿ 18.75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಥವಾ ಅದಕ್ಕಿಂತ ಸಣ್ಣ, 150 ಅಂದ್ರೆ 16.25. ಸಣ್ಣಗಾದಷ್ಟೂ ಮೈಗೆ ಹಿತ ನಿಜ, ಆದರೆ ಬೇಗ ಸುಕ್ಕಾಗುತ್ತೆ, ಮೊಣಕೈ ಹತ್ರ, ತೊಡೆ ಹತ್ರ ಬೇಗ ಸವೆಯುತ್ತೆ. ದಿನಾ ಹಾಕೋ ಸೂಟಿಗೆ ನಾನಂತೂ 110 ದಾಟಲ್ಲ, ತೂಕ ಕೇಳುತ್ತೇನೆ. ಚದರ ಮೀಟರಿಗೆ 280ರಿಂದ 320 ಗ್ರಾಂ ಇದ್ದರೆ ಪ್ಯಾಂಟ್ ಚೆನ್ನಾಗಿ ಇಳಿಬೀಳುತ್ತದೆ. ಈ ಪರೀಕ್ಷೆ ಲಿನನ್, ಕಾಟನ್‌ಗೆ ನಡೆಯಲ್ಲ, ಅವು ಎಷ್ಟೇ ದುಬಾರಿ ಆದ್ರೂ ಸುಕ್ಕಾಗೋದೇ. ಪಾಲಿಯೆಸ್ಟರ್ ಬೆರೆಸಿದ್ದು ಮಾತ್ರ ಸುಲಭವಾಗಿ ಪಾಸಾಗಿಬಿಡುತ್ತೆ, ಹಾಗಾಗಿ ಅಂಚಿನಲ್ಲಿ ನೇಯ್ದಿರೋದನ್ನೋ ಲೇಬಲನ್ನೋ ಓದಿ, ಬರೀ ಉಣ್ಣೆ ಅಂತ ಖಚಿತ ಮಾಡಿಕೊಂಡ ಮೇಲೆ ಹಿಂಡಿ. ಹಿಂಡೋ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳಿ, ಅಷ್ಟೇ.